ಒಂದು ಗಂಟೆವರೆಗಿನ ಹಿಟ್ಟು

ಓಬರ್‌ಕಾರ್ ಊರಿನ ಕ್ರಿಸ್‌ಮಸ್ ಮಾರುಕಟ್ಟೆ ಸಮಿತಿ ನೋಟ್‌ಬುರ್ಗಾ ಪ್ಲಾಟ್ನರಳಿಗೆ ಆರು ಗಂಟೆಯ ಕೂಲಿಯನ್ನು ಇವತ್ತಿಗೂ ಕೊಟ್ಟಿಲ್ಲ. ಡಿಸೆಂಬರ್ ಇಪ್ಪತ್ನಾಲ್ಕರಂದು ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಬೇಕಾದವಳನ್ನು ಏಳರ ತನಕ ನಿಲ್ಲಿಸಿಕೊಂಡು, ಕಡೆಗೆ ಒಂದು ಲೋಟ ಬಿಸಿ ವೈನ್ ಕೈಗಿಟ್ಟು, ಹಬ್ಬದ ದಿನ ಎಂಥಾ ಲೆಕ್ಕ ಎಂದು ಕಳಿಸಿತು. ಆ ಕೂಲಿ ಹೋದರೆ ಹೋಗಲಿ. ಅವಳು ಅವತ್ತು ಕಳೆದುಕೊಂಡದ್ದು ಬೇರೆ.

ಊರಿನ ಬಾಯಲ್ಲಿ ಅವಳು ಬುರ್ಗಿ. ಅರವತ್ತೊಂದು ವಯಸ್ಸು, ಅಗಲ ಭುಜ, ಮೊಣಕೈವರೆಗೆ ಸುಟ್ಟ ಗಾಯದ ಚುಕ್ಕೆಗಳು. ಏಳನೇ ನಂಬರಿನ ಮರದ ಗೂಡಂಗಡಿಯಲ್ಲಿ, ಸಮಿತಿಯ ಕೂಲಿಗೆ, ಹತ್ತೊಂಬತ್ತು ಚಳಿಗಾಲ ಕಿಯಾಕ್ಲ್ ಎಂಬ ತಿಂಡಿ ಕರಿದವಳು. ಹುದುಗು ಬಂದ ಹಿಟ್ಟಿನ ಉಂಡೆಯನ್ನು ಬೆಣ್ಣೆ ಸವರಿದ ಬೆರಳಲ್ಲಿ ಹಿಡಿದು, ತಿರುಗಿಸುತ್ತಾ ಎಳೆಯಬೇಕು. ಅಂಚು ದಪ್ಪಗೆ ಉಳಿಯಬೇಕು, ನಡು ಪೊರೆಯಂತಾಗಬೇಕು, ಹರಿಯಬಾರದು. ತುಪ್ಪದಲ್ಲಿ ಬಿಟ್ಟರೆ ಅಂಚು ಉಬ್ಬಿ ನಡುವೆ ಗುಳಿ ಬೀಳುತ್ತದೆ. ಗುಳಿಗೆ ಹುಳಿ ಎಲೆಕೋಸು, ಸಿಹಿ ಬೇಕಾದವರಿಗೆ ಕೆಂಪು ಕಾಡುಹಣ್ಣಿನ ಜಾಮ್. ಕಣಿವೆಯಲ್ಲಿ ಎಲ್ಲರೂ ಕಿಯಾಕ್ಲ್ ಮಾಡುತ್ತಾರೆ. ಆದರೆ ಬುರ್ಗಿ ಎಳೆದ ಹಿಟ್ಟನ್ನು ಬೆಳಕಿಗೆ ಹಿಡಿದು ಅದರ ಮೂಲಕ ಪೇಪರ್ ಓದಬಹುದು. ಇದನ್ನು ಬೇರೆಯವರು ಹೇಳಲಿ ಎಂದು ಅವಳು ಕಾದವಳಲ್ಲ, ತಾನೇ ಹೇಳುತ್ತಿದ್ದಳು.

ಇಪ್ಪತ್ನಾಲ್ಕರ ಮಧ್ಯಾಹ್ನ ಆ ಊರಿನಲ್ಲಿ ಯಾರೂ ಯಾರ ಆಳೂ ಅಲ್ಲ. ಒಂದು ಗಂಟೆಗೆ ಅಂಗಡಿ ಮುಚ್ಚಬೇಕು. ಮನೆ, ಕೊಟ್ಟಿಗೆಗೆಲ್ಲ ಧೂಪ ಹಿಡಿಯಬೇಕು. ಬೆಳಕಿರುವಾಗಲೇ ಇಗರ್ಜಿಯ ಅಂಗಳಕ್ಕೆ ಹೋಗಿ ತಮ್ಮವರ ಸಮಾಧಿಗಳ ಮೇಲೆ ದೀಪ ಇಡಬೇಕು. ನಾಲ್ಕಕ್ಕೆ ಮಕ್ಕಳ ಪೂಜೆಗೆಂದು ಇಡೀ ಊರು ಆ ಸಾಲುಗಳ ನಡುವೆಯೇ ನಡೆದು ಹೋಗುತ್ತದೆ. ಬುರ್ಗಿಯ ಗಂಡ ಲಾಂಬರ್ಟ್ ಸತ್ತ ವರ್ಷವೇ ಸಮಿತಿ ಏಳರ ತನಕ ಮಾರುಕಟ್ಟೆ ತೆರೆದಿಟ್ಟದ್ದು. ಚಳಿಗಾಲದ ಪ್ರವಾಸದ ಬಸ್ಸುಗಳು ಬರುವುದೇ ಮಧ್ಯಾಹ್ನ, ಬಂದವರಿಗೆ ಏನಾದರೂ ಸಿಗಬೇಡವೇ ಎಂಬುದು ಅವರ ವಾದ. ಅವತ್ತು ನಾಲ್ಕು ಗಂಟೆಗೆ ಊರಿಗೆ ಊರೇ ನಡೆದು ಹೋದಾಗ ಇಡೀ ಅಂಗಳದಲ್ಲಿ ಕತ್ತಲಾಗಿದ್ದದ್ದು ಒಂದೇ ಸಮಾಧಿ. ಬೇಕರಿಯ ಮುದುಕಿ ಮರುದಿನ ಕೇಳಿಯೇಬಿಟ್ಟಳು.

"ಮೂರು ತಿಂಗಳಿಗೇ ಮರೆತುಬಿಟ್ಯೇನೇ ಅವನನ್ನ?"

ಲಾಂಬರ್ಟನಿಗೆ ಅದರಿಂದ ಏನೂ ಆಗಿರಲಿಕ್ಕಿಲ್ಲ. ಬದುಕಿದ್ದಾಗ ಅವನೇ ಎಲ್ಲದಕ್ಕೂ ತಡವಾಗಿ ಬರುತ್ತಿದ್ದ ಆಸಾಮಿ, ಮದುವೆಗೂ ಸಹ. ಆದರೆ ಬುರ್ಗಿಗೆ ಆ ಮಾತು ಮೈಗೆ ಬಿಸಿ ತುಪ್ಪ ಸಿಡಿದ ಹಾಗಾಯಿತು. ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದಳು.

ಮುಂದಿನ ಡಿಸೆಂಬರಿನಲ್ಲಿ, ಹಬ್ಬಕ್ಕೆ ಎರಡು ದಿನ ಮುಂಚೆ, ಸಮಿತಿ ಅಧ್ಯಕ್ಷ ಹಾರ್ಟ್‌ವಿಗ್ ಕೋಫ್ಲರ್ ಕೆಲಸದವರನ್ನೆಲ್ಲ ಗೂಡುಗಳ ಹಿಂದೆ ನಿಲ್ಲಿಸಿ, ಈ ಸಲವೂ ಏಳು ಗಂಟೆವರೆಗೆ ಎಂದ. ಬುರ್ಗಿಯೂ ಸೇರಿ ಹನ್ನೊಂದು ಜನ ಹಿಮದಲ್ಲಿ ಕಾಲು ಬದಲಿಸುತ್ತಾ ನಿಂತಿದ್ದರು.

"ಆಗಲ್ಲ," ಎಂದಳು ಬುರ್ಗಿ. "ನಾನು ಒಂದಕ್ಕೆ ಹೊರಡ್ತೀನಿ."

ಹಾರ್ಟ್‌ವಿಗ್ ಗಂಟಲು ಸರಿಮಾಡಿಕೊಂಡ. "ಪ್ಲಾಟ್ನರ್ ಅವರೇ, ನೀವು ಹಾಗೆ ಹೊರಟರೆ ಮುಂದಿನ ವರ್ಷ ಏಳನೇ ನಂಬರು ನಿಮ್ಮದಾಗಿರೋದಿಲ್ಲ."

ಕಾಲು ಬದಲಿಸುತ್ತಿದ್ದವರೆಲ್ಲ ತಲೆಯೆತ್ತಿದರು. ಅವರನ್ನು ತಟ್ಟಿದ್ದು ಬೆದರಿಕೆಯಲ್ಲ, 'ನೀವು' ಎಂಬ ಆ ಮಾತು. ಸಾವಿರ ಮೀಟರಿಗಿಂತ ಎತ್ತರದ ಊರುಗಳಲ್ಲಿ ಯಾರೂ ಯಾರನ್ನೂ ಬಹುವಚನದಲ್ಲಿ ಕರೆಯುವುದಿಲ್ಲ. ಮೇಯರಿಗೂ ನೀನು, ಪಾದ್ರಿಗೂ ನೀನು. ಓಬರ್‌ಕಾರ್ ಇರುವುದು ಸಾವಿರದ ಇನ್ನೂರರಲ್ಲಿ. ಅಲ್ಲಿ ನೀವು ಎಂದರೆ ಮರ್ಯಾದೆಯಲ್ಲ, ಬಾಗಿಲು ತೋರಿಸುವುದು.

"ಏನಂದೆ?" ಬುರ್ಗಿ ಹತ್ತಿರ ಹೋದಳು. "ಶಾಲೇಲಿ ನನ್ನ ಪಕ್ಕ ಕೂತು ಮೂಗು ಸುರಿಸ್ತಿದ್ದವನು ನೀನು. ಆ ಸಿಂಬಳ ಒರೆಸಿದ್ದು ನನ್ನ ಲಂಗದ ಅಂಚು. ಅವತ್ತಿಂದ ಇವತ್ತಿನ ತನಕ ನಾನು ನಿನಗೆ ನೀನೇ ಆಗಿದ್ದೆ. ನಾನು ಯಾವಾಗ ನೀವು ಆದೆ?"

"ಅಧ್ಯಕ್ಷನಾಗಿ ಮಾತಾಡ್ತಿದ್ದೀನಿ."

"ಹಾಗಾದ್ರೆ ಕಣಿವೆಗಿಳಿದು ಮಾತಾಡು."

ಉಳಿದವರೆಲ್ಲ ನಕ್ಕರು. ಹಾರ್ಟ್‌ವಿಗ್ ಮಾತ್ರ ನಗಲಿಲ್ಲ. ಏಳು ಗಂಟೆ ಏಳು ಗಂಟೆಯೇ ಎಂದು ಹೇಳಿ ಹೋದ.

ಅವನು ಹೋದ ಮೇಲೆ ಚೆಸ್ಟ್‌ನಟ್ ಸುಡುವ ಕಾಸಿಯನ್ ಕೇಳಿದ. "ಬಾಯಿ ಜೋರು ಮಾಡ್ದೆ ಸರಿ. ಮಾಡೋದೇನು? ಮುಷ್ಕರ ಅಂದ್ರೆ ನಾಳೆನೇ ಬೇರೆಯವರನ್ನ ತರ್ತಾನೆ."

"ಮುಷ್ಕರ ಅಂತ ಯಾರಂದ್ರು? ನಾನು ಒಂದು ಗಂಟೆವರೆಗಿನ ಹಿಟ್ಟು ಕಲಸ್ತೀನಿ, ಅಷ್ಟೆ."

ಮಾಮೂಲಿನ ದಿನ ಅವಳು ಮೂರು ತೊಟ್ಟಿ ಕಲಸುತ್ತಿದ್ದಳು. ಬೆಳಗ್ಗೆ ಐದಕ್ಕೆ ಒಂದು, ಎಂಟಕ್ಕೆ ಒಂದು, ಹತ್ತೂವರೆಗೆ ಮಧ್ಯಾಹ್ನದ್ದು. ಆ ಚಳಿಯಲ್ಲಿ ಹಿಟ್ಟು ಏಳಲು ಎರಡೂವರೆ ಗಂಟೆ ಬೇಕು. ಹತ್ತೂವರೆಯದನ್ನು ಕಲಸದಿದ್ದರೆ ಒಂದು ಗಂಟೆಯ ಮೇಲೆ ಕರಿಯಲು ಏನೂ ಇರುವುದಿಲ್ಲ. ಕಾಸಿಯನ್ನನಿಗೆ ವಿಷಯ ಹೊಳೆಯಿತು. ನಾಡಿದ್ದು ಒಂದೇ ಚೀಲ ತರುತ್ತೇನೆ ಎಂದ. ಜಿಂಜರ್‌ಬ್ರೆಡ್ಡಿನವಳು ಎರಡು ಹಲಗೆ ಸಾಕು ಎಂದಳು. ಹಾಗೇ ಸಾಲು ಮುಗಿದು ಸರದಿ ಮಿರ್ಸಾದಾಳಿಗೆ ಬಂತು. ಬೋಸ್ನಿಯಾದ ಮುಸ್ಲಿಂ ಹೆಂಗಸು, ವೈನಿನ ಲೋಟ ತೊಳೆಯುವ ಕೆಲಸ, ಎರಡನೇ ಚಳಿಗಾಲ.

"ನನ್ನ ಲೋಟ ಮುಗಿಯೋದಿಲ್ವಲ್ಲ," ಎಂದಳು ಮಿರ್ಸಾದಾ. "ಎಂಜಲು ಮುಗಿಯುತ್ತಾ ಎಲ್ಲಾದರೂ?"

ನಿಜ. ಉಳಿದವರ ಕೈಯಲ್ಲಿ ಸರಕು ತೀರಿದರೆ ಯಾರೂ ಬೆರಳು ತೋರಿಸಲಾರರು. ಅವಳು ಮಾತ್ರ ಅಧ್ಯಕ್ಷನ ಎದುರಿಗೇ ಕೆಲಸ ನಿಲ್ಲಿಸಬೇಕು.

"ನೀನು ಏಳರ ತನಕ ಇದ್ದುಬಿಡು," ಎಂದಳು ಬುರ್ಗಿ. "ನಿನ್ನ ಕೆಲಸ ಹೋದ್ರೆ ಮನೆ ಬಾಡಿಗೆ ನಾವು ಕಟ್ತೀವಾ? ನಾನೇನೂ ಅಂದ್ಕೊಳ್ಳಲ್ಲ. ಹಬ್ಬ ಕೂಡ ನಿಂದಲ್ಲ."

"ಹಬ್ಬ ನಂದಲ್ಲಕ್ಕಾ. ಸಾಯಂಕಾಲ ನಂದೇ."

ಇಪ್ಪತ್ನಾಲ್ಕರ ಬೆಳಗ್ಗೆ ಬುರ್ಗಿ ಎರಡೇ ತೊಟ್ಟಿ ಕಲಸಿದಳು. ಮೂರನೆಯದನ್ನು ತೊಳೆದು ಬೋರಲು ಹಾಕಿ ಅದರ ಮೇಲೆ ಲಾಂಬರ್ಟನ ದೀಪ, ಬೆಂಕಿಪೊಟ್ಟಣ, ಫರ್ ಮರದ ಸೊಪ್ಪು ಇಟ್ಟುಕೊಂಡಳು. ಕೈ ಮಾತ್ರ ಯಾವ ದಿನಕ್ಕೂ ಕಡಿಮೆಯಿಲ್ಲದೆ ನಡೆಯಿತು. ಕೊನೆಯ ದಿನ ಎಂದು ದಪ್ಪಗೆ ಎಳೆದು ಸಾಗಹಾಕುವ ಜಾಯಮಾನ ಅವಳದಲ್ಲ. ಏಳನೇ ನಂಬರು ಕೈಬಿಟ್ಟು ಹೋಗುವುದಾದರೆ ಕೊನೆಯ ಕಿಯಾಕ್ಲಿನ ನಡುವಿನಿಂದಲೂ ಬೆಳಕು ಕಾಣಬೇಕು.

ಹನ್ನೆರಡೂವರೆಗೆ ಮೂರು ಬಸ್ಸು ಬಂದವು. ಸಾಲು ಕಾರಂಜಿಯವರೆಗೆ ಬೆಳೆಯಿತು. ಒಂದಕ್ಕೆ ಹತ್ತು ನಿಮಿಷವಿದ್ದಾಗ ಕೊನೆಯ ಉಂಡೆ ತುಪ್ಪಕ್ಕೆ ಬಿತ್ತು. ಅದು ಕೆಂಪಗಾದ ಮೇಲೆ ಬುರ್ಗಿ ಗ್ಯಾಸ್ ಆರಿಸಿದಳು.

ಹಾರ್ಟ್‌ವಿಗ್ ಜನರ ನಡುವೆ ನುಗ್ಗಿ ಬಂದ. ಕೈಯಲ್ಲಿ ಎರಡು ರಟ್ಟಿನ ಪೆಟ್ಟಿಗೆ. ಅವನು ಪೆದ್ದನಲ್ಲ. ಎರಡು ತೊಟ್ಟಿಯ ಸುದ್ದಿ ಕಿವಿಗೆ ಬಿದ್ದಿತ್ತು, ಕಣಿವೆಯ ಸಗಟು ಅಂಗಡಿಯಿಂದ ಯಂತ್ರದಲ್ಲಿ ಒತ್ತಿ ಹೆಪ್ಪುಗಟ್ಟಿಸಿದ ಕಿಯಾಕ್ಲ್ ತರಿಸಿದ್ದ.

"ತಗೋ. ಇನ್ನೂರಿವೆ. ಕರಿ."

'ನೀನು' ವಾಪಸು ಬಂದದ್ದನ್ನು ಬುರ್ಗಿ ಗಮನಿಸಿದಳು. ಪೆಟ್ಟಿಗೆ ತೆರೆದು ಒಂದನ್ನು ಎತ್ತಿ ಗೂಡಿನ ಹಲಗೆಗೆ ತಟ್ಟಿದಳು. ಟಕ್ ಟಕ್ ಎಂದಿತು.

"ಇದನ್ನ ನನ್ನ ಕೈಯಿಂದ ಕೊಡಿಸ್ತೀಯಾ?"

"ಬುರ್ಗಿ, ಬೇಡ್ಕೊಳ್ತೀನಿ. ಏಳನೇ ನಂಬರು ನಿನ್ನದೇ, ಬರೆದುಕೊಡ್ತೀನಿ. ಏಳು ಗಂಟೆ ತನಕ ನಿಲ್ಲು."

ಸಾಲಿನ ಜನ ನೋಡುತ್ತಿದ್ದರು. ಹತ್ತೊಂಬತ್ತು ಚಳಿಗಾಲದ ಜಾಗ ಒಂದು ಕೈಯಲ್ಲಿತ್ತು, ಇನ್ನೊಂದರಲ್ಲಿ ಐದು ಗಂಟೆ ಉರಿಯುವ ಒಂದು ಮೇಣದ ದೀಪ. ಆ ಗಳಿಗೆಯಲ್ಲಿ ಇಗರ್ಜಿಯ ಗಡಿಯಾರ ಒಂದು ಹೊಡೆಯಿತು.

ಅವಳಿಗೆ ಹೆಸರು ಕೊಟ್ಟ ಸಂತ ನೋಟ್‌ಬುರ್ಗಾಳ ಚಿತ್ರ ಆ ಇಗರ್ಜಿಯಲ್ಲೇ ಇದೆ. ಹೊಲದ ಆಳು. ಸಂಜೆಯ ಗಂಟೆ ಬಾರಿಸಿದ ಮೇಲೂ ಕೊಯ್ಯಿ ಎಂದ ಧಣಿಯ ಎದುರು ಕುಡುಗೋಲನ್ನು ಮೇಲಕ್ಕೆಸೆದಳು, ಅದು ಗಾಳಿಯಲ್ಲೇ ನೇತಾಡಿತು. ಪ್ರಾಣ ಕೊಟ್ಟು ಸಂತರಾದವರು ಬಹಳ ಮಂದಿ, ಕೆಲಸ ನಿಲ್ಲಿಸಿ ಸಂತಳಾದವಳು ತನ್ನ ಹೆಸರಿನವಳೊಬ್ಬಳೇ ಎಂದು ಬುರ್ಗಿ ಬೀಗುತ್ತಿದ್ದಳು. ಗಾಳಿಯಲ್ಲಿ ನೇತುಹಾಕುವುದು ಅವಳಿಗೆ ಗೊತ್ತಿರಲಿಲ್ಲ. ಗೂಡಿನ ಹೊರಗಿನ ಮೊಳೆಗೆ ತನ್ನ ಜಾಲರಿ ಸೌಟನ್ನು ಸಿಕ್ಕಿಸಿದಳು. ಏಪ್ರನ್ ಬಿಚ್ಚಿದಳು. ಕರಿದ ಕೊನೆಯ ಕಿಯಾಕ್ಲನ್ನು ಹಾರ್ಟ್‌ವಿಗ್‌ನ ಕೈಗಿಟ್ಟಳು.

"ತಿನ್ನು. ಬೆಳಗ್ಗೆಯಿಂದ ಬರೀ ಹೊಟ್ಟೇಲಿ ಓಡಾಡ್ತಿದ್ದೀಯ. ಅದಕ್ಕೇ ತಲೆ ನಿಂತಿಲ್ಲ."

ಕಾಸಿಯನ್ ತನ್ನ ಸಲಿಕೆಯನ್ನು ನೇತುಹಾಕಿದ. ಜಿಂಜರ್‌ಬ್ರೆಡ್ಡಿನವಳ ಇಕ್ಕಳ ಮೊಳೆಗೇರಿತು, ಹಾಗೇ ಗೂಡುಗಳ ಸಾಲಿನುದ್ದಕ್ಕೂ. ಕೊನೆಯ ಗೂಡಿನಿಂದ ಮಿರ್ಸಾದಾ ಬಂದಳು. ಲೋಟ ತೊಳೆಯುವ ಬ್ರಷ್ಷಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಅವಳು ಹಾರ್ಟ್‌ವಿಗ್‌ನ ಕಣ್ಣೆದುರೇ ನೇತುಹಾಕಿದಳು. ಹನಿ ನೆಲಕ್ಕೆ ಬೀಳುವ ಮೊದಲೇ ಗಟ್ಟಿಯಾಗತೊಡಗಿತು.

ಸಾಲಿನಲ್ಲಿದ್ದ ತುಪ್ಪಳದ ಟೊಪ್ಪಿಯವನೊಬ್ಬ ಗೊಣಗಿದ. "ಕ್ರಿಸ್‌ಮಸ್ ಮಾರುಕಟ್ಟೆ ಅಂತ ದುಡ್ಡು ಕೊಟ್ಟು ಬಂದಿದ್ದೀವಿ ನಾವು."

"ಮಾರುಕಟ್ಟೆ ನೋಡಿದ್ರಲ್ಲ ಸ್ವಾಮಿ," ಎಂದಳು ಮಿರ್ಸಾದಾ. "ಇನ್ನು ಕ್ರಿಸ್‌ಮಸ್ಸು."

ಹಾರ್ಟ್‌ವಿಗ್ ತಾನೇ ಏಪ್ರನ್ ಕಟ್ಟಿಕೊಂಡು ಒಳಗೆ ನಿಂತ. ಆರಿದ ತುಪ್ಪ ಮತ್ತೆ ಕಾಯುವ ಮುಂಚೆಯೇ ಹಾಕಿದ ಹೆಪ್ಪುಗಟ್ಟಿದ ಬಿಲ್ಲೆಗಳು ಕಲ್ಲಿನಂತೆ ಮುಳುಗಿದವು. ಬಸ್ಸಿನವರು ಸ್ವಲ್ಪ ಹೊತ್ತು ನೋಡಿ ನಕ್ಕು ಬಸ್ಸಿಗೆ ನಡೆದರು.

ಬುರ್ಗಿ ಎರಡೂಕಾಲಿಗೆ ಇಗರ್ಜಿಯ ಅಂಗಳದಲ್ಲಿದ್ದಳು. ಮಂಡಿಯೂರಿ, ಸಮಾಧಿಯ ಮೇಲಿನ ಹಿಮವನ್ನು ಕೈಯಿಂದಲೇ ಬಾಚಿ, ಸೊಪ್ಪು ಹಾಸಿ, ದೀಪ ಹಚ್ಚಿದಳು. ಸುತ್ತ ಇನ್ನೂ ಒಂದು ದೀಪವೂ ಇರಲಿಲ್ಲ.

"ಜೀವಮಾನದಲ್ಲಿ ಮೊದಲ ಸಲ ಎಲ್ಲರಿಗಿಂತ ಮುಂಚೆ ಬಂದಿದ್ದೀಯ," ಎಂದಳು ಗಂಡನಿಗೆ. "ಸರಿಯಾಗಿ ಉರಿ."

ನಾಲ್ಕಕ್ಕೆ ಊರು ನಡೆದು ಬಂದಾಗ ಅವಳು ಸಮಾಧಿಯ ಪಕ್ಕ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು, ಪಕ್ಕದಲ್ಲಿ ಮಿರ್ಸಾದಾ. ಬೇಕರಿಯ ಮುದುಕಿ ದೀಪ ನೋಡಿದಳು, ಬುರ್ಗಿಯ ಮುಖ ನೋಡಿದಳು, ತಲೆಬಾಗಿಸಿ ಮುಂದೆ ಹೋದಳು. ಬುರ್ಗಿಗೆ ಅಷ್ಟು ಸಾಕಾಗಿತ್ತು.

ಮುಂದಿನ ಅಕ್ಟೋಬರಿನಲ್ಲಿ ಹಾರ್ಟ್‌ವಿಗ್ ಅವಳ ಅಡುಗೆಮನೆಗೆ ಬಂದು ಕೂತ. ಏಳನೇ ನಂಬರಿಗೆ ಮೂರು ಜನರನ್ನು ಪರೀಕ್ಷಿಸಿ ನೋಡಿದ್ದ, ಮೂವರ ಹಿಟ್ಟೂ ಹರಿದಿತ್ತು. ಮಿರ್ಸಾದಾಳಿಗೆ ಈ ಚಳಿಗಾಲದ ಕೆಲಸದ ಕಾಗದ ಮೊದಲು ಮೇಜಿನ ಮೇಲೆ ಬರಲಿ, ಆಮೇಲೆ ನನ್ನ ಮಾತು ಎಂದಳು ಬುರ್ಗಿ. ಕಾಗದ ಬಂತು, ಇಪ್ಪತ್ನಾಲ್ಕರಂದು ಒಂದು ಗಂಟೆವರೆಗೆ ಮಾತ್ರ ಎಂಬ ಅವಳ ಮಾತಿಗೂ ಅವನು ಒಪ್ಪಿದ. ಆ ವರ್ಷದಿಂದ ಇಪ್ಪತ್ನಾಲ್ಕರಂದು ಮಾರುಕಟ್ಟೆ ಮತ್ತೆ ಒಂದು ಗಂಟೆಗೆ ಮುಚ್ಚುತ್ತದೆ. ನಮ್ಮ ಹಿರಿಯರ ಸುಂದರ ಸಂಪ್ರದಾಯ ಎಂದು ಸಮಿತಿ ಬಣ್ಣದ ಫಲಕದಲ್ಲಿ ಅಚ್ಚು ಹಾಕಿಸಿದೆ. ಅದನ್ನು ಉಳಿಸಿದ್ದು ಹಿರಿಯರೂ ಅಲ್ಲ, ಸಮಿತಿಯೂ ಅಲ್ಲ. ಹನ್ನೊಂದು ಮೊಳೆ, ಹನ್ನೊಂದು ಜನ.

ನೀವೂ ಒಂದು ಚಳಿಗಾಲ ಆ ಊರಿಗೋ, ಅಂಥದೇ ಇನ್ನೊಂದಕ್ಕೋ ಹೋಗುತ್ತೀರಿ. ದೀಪ, ಹಿಮ, ವೈನಿನ ಲೋಟ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೀರಿ. ತೆಗೆಸಿಕೊಳ್ಳಿ. ಆದರೆ ಬೆಳಗ್ಗೆಯೇ ಹೋಗಿ. ಒಂದು ಹೊಡೆದ ಮೇಲೆ ಗೂಡು ಮುಚ್ಚಲು ಇಳಿಯುತ್ತಿರುವ ಹಲಗೆಯ ಕೆಳಗೆ ಕೈ ತೂರಿಸಿ ಒಂದೇ ಒಂದು ಕೊಡಮ್ಮ ಎನ್ನಬೇಡಿ. ದುಡ್ಡು ಕೊಟ್ಟಿದ್ದೇನೆ ಎನ್ನಬೇಡಿ. ನೀವು ದುಡ್ಡು ಕೊಟ್ಟದ್ದು ಹಿಟ್ಟಿಗೆ, ಅವಳ ಸಾಯಂಕಾಲಕ್ಕಲ್ಲ. ಕೈ ಹಿಂದಕ್ಕೆ ತೆಗೆಯಿರಿ, ದಾರಿ ಬಿಡಿ.