ಜೋಳದ ಡ್ರಮ್ಮಿನೊಳಗಿನ ಅಲೆ

ನಾನು ಕಾನ್ವೆಂಟಿನಲ್ಲಿ ಸೈನ್ಸ್ ಓದಿದವಳು. ದೆವ್ವ-ಗಿವ್ವ ಎಂದರೆ ನಕ್ಕುಬಿಡುತ್ತಿದ್ದೆ. ಈಗ ನಗು ಬರುವುದಿಲ್ಲ. ಕರೆಂಟು ಮಗ್ಗಗಳ ಊರಾದ ಇಚಲಕರಂಜಿಯ ನಮ್ಮ ಮನೆಯಲ್ಲಿ ಹೋದ ಚಳಿಗಾಲ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ, ಆನೆಸ್ಟ್ಲಿ.

ಮೊಮ್ಮಗಳು ರೋಹಿಣಿ ಕೊಲ್ಹಾಪುರದಲ್ಲಿ ರಿಸರ್ಚ್ ಮಾಡುತ್ತಾಳೆ. ಸಮುದ್ರದ ಕೆಸರಿನಲ್ಲಿ ಅವಳಿಗೊಂದು ಬ್ಯಾಕ್ಟೀರಿಯಾ ಸಿಕ್ಕಿತ್ತು. ಯಾವ ಔಷಧಕ್ಕೂ ಬಗ್ಗದ ರೋಗಾಣುಗಳನ್ನು ಅದು ಒಸರುವ ರಸ ಕೊಲ್ಲುತ್ತಿತ್ತು. ಆದರೆ ಎಷ್ಟು ಸಲ ಬೆಳೆಸಿದರೂ ಆ ಬ್ಯಾಕ್ಟೀರಿಯಾ ಸಾಯುತ್ತಿತ್ತು... ಕೊನೆಗೆ ಉಳಿದದ್ದು ಅದು ಬೆಳೆದಿದ್ದ ಒಂದೇ ಗಾಜಿನ ಪ್ಲೇಟು.

ಲ್ಯಾಬ್ ರಿಪೇರಿಗೆ ಮುಚ್ಚಿದ್ದರಿಂದ ಅದನ್ನು ನನ್ನ ಹತ್ತಿರ ತಂದಿಟ್ಟು, ಹೊಸ ಪ್ಲೇಟು ತರಲು ಗೆಳತಿಯ ಕಾಲೇಜಿಗೆ ಹೊರಟಳು.

"ಅಜ್ಜಿ, ಬೆಚ್ಚಗ ಇಡು. ತಗದು ನೋಡಬ್ಯಾಡ, ಪ್ಲೀಸ್. ಇದೂ ಹೋತಂದ್ರ ನನ್ನ ಕೆಲಸಾನ ಮುಗೀತು."

ಬೆಚ್ಚಗೆ! ಚಳಿಯಲ್ಲಿ ಮೊಸರಿಗೆ ಹೆಪ್ಪು ಹಾಕಿ ಇಡುವಂತೆ, ಮಗ್ಗದ ಹತ್ತಿ ಚಿಂದಿಯಲ್ಲಿ ಸುತ್ತಿ ಜೋಳದ ಡ್ರಮ್ಮಿನಲ್ಲಿ ಹುಗಿದಿಟ್ಟೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ರಾತ್ರಿ ಎಂಟಕ್ಕೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಆಗ ಕೇಳಿತು...

ಸ್ಸ್ಸ್... ಸ್ಸ್ಸ್... ಮರಳಿನ ಮೇಲಿಂದ ಅಲೆ ಹಿಂದೆ ಸರಿಯುವ ಸದ್ದು. ಡ್ರಮ್ಮಿನೊಳಗಿಂದ. ಜೊತೆಗೆ ಹಸಿ ಮೀನಿನ ವಾಸನೆ.

ಪಕ್ಕದ ಮನೆಯ ಶಾಂತವ್ವ ಬಾಗಿಲಲ್ಲಿ ಇಣುಕಿದಳು. "ಬಾಯಾರ, ನಳಾ ಬಿಟ್ಟೀರೇನ್ರಿ? ನಮಗ ಮೂರ್ ದಿವ್ಸದಿಂದ ಹನಿ ನೀರಿಲ್ಲ, ನಿಮ್ಮನ್ಯಾಗ ಸಮುದ್ರಾನ ಹರ್ಯಾಕತ್ತೈತಿ!"

"ನಿನಗೂ ಕೇಳಾಕತ್ತೈತೇನ?"

ಅವಳ ನಗು ನಿಂತಿತು. ಟಾರ್ಚನ್ನು ಡ್ರಮ್ಮಿನತ್ತ ಹಿಡಿದಳು. "ತಗದ ನೋಡ್ರಿ..." ಎಂದು ಪಿಸುಗುಟ್ಟಿ, ತಾನು ಮಾತ್ರ ಹಿಂದೆ ಹಿಂದೆ ಸರಿದು ಹೊರಟೇಹೋದಳು.

ರೋಹಿಣಿಯ ಫೋನು ಹತ್ತಲಿಲ್ಲ. ತೆಗೆಯಲೇ? ಚಳಿ ತಗಲಿ ಸತ್ತರೆ? ಕೈ ಚಾಚುತ್ತಿದ್ದೆ, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಸದ್ದು ಸಣ್ಣಗಾಗುತ್ತ ಬಂತು, ಏದುಸಿರಿನಂತೆ. ಬೆಳಗಿನ ಜಾವ ನಿಂತಿತು.

ಬೆಳಿಗ್ಗೆ ರೋಹಿಣಿ ಬಂದು ಡ್ರಮ್ಮಿನ ಮುಚ್ಚಳ ತೆಗೆದಳು. ಚಿಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸುತ್ತಲಿನ ಜೋಳ ಒಣಗಿಯೇ ಇತ್ತು! ಪ್ಲೇಟಿನಲ್ಲಿದ್ದದ್ದು ಸುಟ್ಟ ಹಪ್ಪಳದಂತೆ ಬಿರಿದಿತ್ತು.

"ಹೋತ ಅಜ್ಜಿ," ಎಂದಳು.

"ರಾತ್ರೆಲ್ಲಾ ಸಪ್ಪಳ ಮಾಡಾಕತ್ತಿತ್ತವ್ವಾ. ನಾನ ತಗೀಲಿಲ್ಲ..."

"ಬ್ಯಾಕ್ಟೀರಿಯಾಕ್ಕ ದನಿ ಎಲ್ಲಿರ್ತೈತಿ ಅಜ್ಜಿ?"

ಬೈಯಲೂ ಇಲ್ಲ ಹುಡುಗಿ. ನಾನು ಚಹಾ ಮಾಡಿ ತರುವಷ್ಟರಲ್ಲಿ ಅವಳು ಡ್ರಮ್ಮಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದಳು. ಕರೆದೆ. ಸುಮ್ಮನಿರು ಎಂದು ಕೈ ಎತ್ತಿದಳು.

ನನಗೇನೂ ಕೇಳಿಸಲಿಲ್ಲ. ಅವಳಿಗೇನು ಕೇಳಿತೋ... ಇವತ್ತಿಗೂ ಹೇಳಿಲ್ಲ.