ಹಳೇ ಗಾಡಿಗೆ ಹೊಸ ಚಾಸಿ

ನಮ್ಮ ಹಳೇ ಪಿಕಪ್ಪಿನ ಕ್ಲಚ್ ತುಳಿಯುವುದೂ ಒಂದೇ, ಒರಳುಕಲ್ಲನ್ನು ಕಾಲಲ್ಲಿ ಜರುಗಿಸುವುದೂ ಒಂದೇ. ಹತ್ತಿರ ಹತ್ತಿರ ಮೂವತ್ತು ವರ್ಷ ಅದನ್ನು ತುಳಿದು ತುಳಿದು ನನ್ನ ಎಡ ಮಂಡಿ ಸವೆದೇ ಹೋಯಿತು. ಮೈಸೂರಿನಲ್ಲಿ ಆಪರೇಶನ್ ಮಾಡಿ ಹೊಸ ಮಂಡಿ ಕೂರಿಸಿದ ಡಾಕ್ಟರು, “ನಡೆಯಿರಿ, ಅಡುಗೆ ಮಾಡಿ, ಬೇಕಾದರೆ ಚಿಕ್ಕ ಕಾರೂ ಓಡಿಸಿ. ಆ ಗಾಡಿಯ ತಂಟೆಗೆ ಮಾತ್ರ ಹೋಗಬೇಡಿ” ಅಂದರು. ನಮ್ಮ ಮನೆಯಲ್ಲಿ ಕಾರು ಎಲ್ಲಿಂದ ಬರಬೇಕು? ಇದ್ದದ್ದು ಅದೊಂದೇ ಗಾಡಿ.

ಅದು ನನ್ನ ಕೈಗೆ ಬಂದ ಬಗೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ನಂಜನಗೂಡಿಗೂ ಸುತ್ತೂರಿಗೂ ನಡುವಿನ ಹಳ್ಳಿ. ಬಾಳೆ, ಬದನೆ, ಟೊಮೆಟೊ ಬೆಳೆಯುತ್ತೇವೆ. ಮಾರ್ಕೆಟ್ಟಿಗೆ ಬೆಳಕು ಹರಿಯುವ ಮುಂಚೆಯೇ ಹೊರಡಬೇಕು. ನಮ್ಮ ಯಜಮಾನರಿಗೆ ಕತ್ತಲೆಯಲ್ಲಿ ಕಣ್ಣು ಕಾಣುವುದಿಲ್ಲ. ಹಾಗಾಗಿ ಡ್ರೈವಿಂಗ್ ಕಲಿತವಳು ನಾನು. ಹೆಂಗಸು ಪಿಕಪ್ ಓಡಿಸುವುದನ್ನು ನೋಡಲು ಮೊದಮೊದಲು ಜನ ಜಗಲಿಯಿಂದ ಇಳಿದು ಬರುತ್ತಿದ್ದರು. ಆಮೇಲೆ ನನ್ನನ್ನು ನೋಡುವುದು ಬಿಟ್ಟು, ಹಿಂದೆ ಇನ್ನೆರಡು ಮೂಟೆಗೆ ಜಾಗ ಇದೆಯೇ ಅಂತ ಮಾತ್ರ ನೋಡತೊಡಗಿದರು.

ಆಪರೇಶನ್ ಆದಮೇಲೆ ಗಾಡಿ ಕೊಟ್ಟಿಗೆ ಪಕ್ಕ ನಿಂತಿತು. ಅದರ ಬಾನೆಟ್ಟಿನ ಮೇಲೆ ಕೋಳಿ ಕೂರುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಗುಜರಿಗೆ ಹಾಕು ಅಂದವರ ಮೇಲೆಲ್ಲ ಹರಿಹಾಯುತ್ತಿದ್ದೆ. ನಮ್ಮ ಬೆಳೆ ಬೇರೆಯವರ ಗಾಡಿಯಲ್ಲಿ ಹೋಗುವಾಗ ನಾನೂ ಜೊತೆಗೆ ಹೋಗಿ ಡ್ರೈವರ್ ಪಕ್ಕ ಕೂರುತ್ತಿದ್ದೆ. ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ನನ್ನ ಕಾಲು ಒತ್ತುತ್ತಿತ್ತು. ಡ್ರೈವರ್ ನಗುತ್ತಿದ್ದ. ನನಗೆ ಅಳು ಬರುತ್ತಿತ್ತು. ಇನ್ನೊಂದು ಸಲ ನಾನೇ ಸ್ಟಿಯರಿಂಗ್ ಹಿಡಿದು ಹೋಗಬೇಕು, ನನಗೆ ಬೇಕಾಗಿದ್ದದ್ದು ಇಷ್ಟೇ.

ತಿ. ನರಸೀಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ತಮ್ಮ ಒಂದು ಭಾನುವಾರ ಬಂದವನು ಕಾಫಿ ಲೋಟ ಕೆಳಗಿಡುವ ಮೊದಲೇ ಶುರುಮಾಡಿದ.

“ಅಕ್ಕಾ, ಗಾಡಿ ತಲೆ ಇಟ್ಕಳನ, ಕಾಲು ಬದ್ಲಾಯ್ಸನ. ನಿಂಗೆ ಡಾಕ್ಟ್ರು ಮಾಡುದ್ರಲ್ಲ, ಅಂಗೇಯ.”

“ಏನ್ಲಾ ಅದು, ಬುಡಿಸಿ ಯೋಳು.”

ಅವನು ಬಿಡಿಸಿ ಹೇಳಿದ. ಮೂಗೂರಿನ ಕಡೆ ಯಾರದೋ ಹೊಸ ಪಿಕಪ್ ಮೇಲೆ ಗಾಳಿಮಳೆಗೆ ಮರ ಬಿದ್ದು ಕ್ಯಾಬಿನ್ನು ಹಪ್ಪಳ ಆಗಿತ್ತಂತೆ. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಆದರೆ ಗಾಡಿಯನ್ನು ಹೊರುವ ಕೆಳಗಿನ ಕಬ್ಬಿಣದ ಚಾಸಿ, ಇಂಜಿನ್ನು, ಗೇರ್‌ಬಾಕ್ಸ್ ಎಲ್ಲ ನೆಟ್ಟಗಿದ್ದವು. ಅದನ್ನು ಕೊಂಡು ಅದರ ಮೇಲೆ ನಮ್ಮ ಹಳೇ ಗಾಡಿಯ ಮೈಯನ್ನು ಕೂರಿಸಿದರೆ ಪವರ್ ಸ್ಟಿಯರಿಂಗ್ ಬರುತ್ತದೆ, ಬೆರಳಲ್ಲಿ ಒತ್ತುವಂಥ ಕ್ಲಚ್ ಬರುತ್ತದೆ. ನನಗೆ ಒಂದು ಕಡೆ ಆಸೆ, ಇನ್ನೊಂದು ಕಡೆ ಅನುಮಾನ. ಕುಂಬಳಕಾಯಿಗೆ ಬೇರೆ ಬಳ್ಳಿ ಕಟ್ಟಿದರೆ ಅಂಟೀತೆ? ಆದರೆ ಹೇಗೆ ಅಂಟಿಸುತ್ತಾರೋ ನೋಡೇಬಿಡೋಣ ಅನ್ನುವ ಕುತೂಹಲ ಅನುಮಾನಕ್ಕಿಂತ ದೊಡ್ಡದಾಗಿತ್ತು.

ಕೆಲಸ ನಡೆದದ್ದು ತಾಂಡವಪುರದ ಹತ್ತಿರ ರಸ್ತೆ ಪಕ್ಕದ ಒಂದು ಶೆಡ್ಡಿನಲ್ಲಿ. ಅಲ್ಲಿನ ಮೇಸ್ತ್ರಿ ನಮ್ಮ ಗಾಡಿಯನ್ನು ಶುರುವಿನಿಂದ ರಿಪೇರಿ ಮಾಡಿದವರು. ಅವರ ಮೀಸೆ ಕಪ್ಪಗಿದ್ದಾಗಿನಿಂದ ನನಗೆ ಗೊತ್ತು. ನಾನು ವಾರಕ್ಕೆರಡು ಸಲವಾದರೂ ಬಸ್ಸಿನಲ್ಲಿ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಬರೀ ಕೂರುವ ಜಾತಿ ನನ್ನದಲ್ಲ. ಅದ್ಯಾಕೆ, ಇದ್ಯಾಕೆ ಅಂತ ಪ್ರಾಣ ತಿನ್ನುತ್ತಿದ್ದೆ.

ಮೈಯನ್ನು ಎತ್ತಿದ ದಿನ ನೆನಪಿದೆ. ಬೋಲ್ಟುಗಳೆಲ್ಲ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಿಚ್ಚಿ, ಸರಪಳಿ ಕಟ್ಟಿ ಎಳೆದಾಗ ಕ್ಯಾಬಿನ್ನು ಕಿರ್ರಂತ ಕೂಗಿ ಮೇಲೆದ್ದಿತು. ಕೆಳಗೆ ಉಳಿದದ್ದು ಎರಡು ಉದ್ದದ ಕಬ್ಬಿಣ, ನಡುವೆ ಅಡ್ಡಪಟ್ಟಿ, ಸಂದುಗೊಂದಿನಲ್ಲೆಲ್ಲ ನಮ್ಮ ಊರಿನ ಕೆಮ್ಮಣ್ಣು. ಇಷ್ಟು ವರ್ಷ ನಾನು ಓಡಿಸಿದ್ದು ಇದನ್ನೇನಾ ಅನ್ನಿಸಿತು.

“ಮೇಸ್ತ್ರಿ, ಇವಾಗ ನನ್ನ ಗಾಡಿ ಯಾವ್ದು? ಮ್ಯಾಲೆ ನೇತಾಡ್ತಿರದಾ, ಕೆಳಗೆ ಬಿದ್ದಿರದಾ?”

“ಎರಡೂ ಅಲ್ಲ ಅಕ್ಕ. ಅಗೋ ಅಲ್ಲಿ ಅದೆ ನೋಡಿ” ಅಂತ ಮೂಲೆಯಲ್ಲಿ ನಿಂತ ಹೊಸ ಚಾಸಿಯನ್ನು ತೋರಿಸಿದರು. “ನಂಬರ್ ಕೊರ್ದಿರದು ಅದ್ರ ಮೇಲೆ. ಆರ್‌ಟಿಓದೋರ್ಗೆ ಅದೇ ಗಾಡಿ. ಮಿಕ್ಕಿದ್ದೆಲ್ಲಾ ಬಟ್ಟೆ ಇದ್ದಂಗೆ.”

“ಅಂಗಾದ್ರೆ ಮಂಡಿ ಬದ್ಲಾಯಿಸ್ಕಂಡ್ ಮೇಲೆ ನಾನೂ ನಾನಲ್ವಾ?”

“ನಿಮ್ಗೆ ಬದ್ಲಾಯ್ಸಿರದು ಮಂಡಿ, ಬೆನ್ನುಮೂಳೆ ಅಲ್ಲ ಕಣಕ್ಕ. ಸುಮ್ಕಿರಿ, ಸ್ಪ್ಯಾನರ್ ಕೈಜಾರ್ತದೆ.”

ಅವರು ಹೇಳಿದ್ದು ನಿಜವೇ. ತಮ್ಮ ಮುಂಚಿತವಾಗಿಯೇ ಆರ್‌ಟಿಓ ಆಫೀಸಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆದಿದ್ದ. ಹೊಸ ಚಾಸಿಯ ಗಾಡಿಗಿದ್ದ ನಂಬರ್ ಪ್ಲೇಟೇ ಮುಂದುವರಿಯುತ್ತದೆ, ನಮ್ಮ ಹಳೇ ನಂಬರು ರದ್ದು. ಊರಿನವರೆಲ್ಲ ನನ್ನನ್ನು ಗುರುತಿಸುತ್ತಿದ್ದ ನಂಬರು ಅದು. ಅವತ್ತು ರಾತ್ರಿ ಊಟ ಸೇರಲಿಲ್ಲ ಅಂದರೆ ಸುಳ್ಳಲ್ಲ. ಆದರೂ ಮುಂದಿನ ವಾರ ಮತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಮೇಸ್ತ್ರಿ ಹೊಸ ಚಾಸಿಯ ಮೂಲೆಯಿಂದ ಮೂಲೆಗೆ ದಾರ ಹಿಡಿದು, ಉಳಿದೆರಡು ಮೂಲೆಗೂ ಹಾಗೇ ಹಿಡಿದು, ಎರಡೂ ದಾರ ಸಮ ಬಂದ ಮೇಲೆ “ತಿರುಚಿಲ್ಲ” ಅಂದರು. ಚಾಸಿ ಉದ್ದ, ನಮ್ಮ ಗಾಡಿಯ ಮೈ ಗಿಡ್ಡ. ಚಾಸಿಯನ್ನು ಕತ್ತರಿಸಿ ಗಿಡ್ಡ ಮಾಡಬಹುದಲ್ಲ ಅಂದೆ. ಶಿವ ಶಿವಾ ಅಂತ ಕಿವಿ ಮುಚ್ಚಿಕೊಂಡರು. ಚಾಸಿಗೆ ಗರಗಸ ಹಾಕಿದರೆ ಬಲವೂ ಹೋಯಿತು, ಒಪ್ಪಿಗೆಯೂ ಹೋಯಿತು. ಹಾಗಾಗಿ ಕ್ಯಾಬಿನ್ನಿಗೂ ಹಿಂದೆ ಮೂಟೆ ಹಾಕುವ ತೊಟ್ಟಿಗೂ ನಡುವೆ ಒಂದು ಮೊಳ ಸಂದು ಬಿಟ್ಟು, ಅಲ್ಲಿ ಹಗ್ಗ ಟಾರ್ಪಾಲು ಇಡಲು ಪೆಟ್ಟಿಗೆ ಮಾಡಿದರು. ಹಳೇ ಡ್ಯಾಶ್‌ಬೋರ್ಡಿನ ಹಿಂದೆ ಹೊಸ ಇಂಜಿನ್ನಿನ ಕಂಪ್ಯೂಟರ್ ಡಬ್ಬ ಕೂರಿಸಿದರು. ಅಂಗೈಯಗಲದ ಆ ಡಬ್ಬ ಒದ್ದೆಯಾದರೆ ಇಡೀ ಗಾಡಿ ನಿಂತುಬಿಡುತ್ತದಂತೆ. ನಮ್ಮ ಹಳೇ ಗಾಡಿ ಕಪಿಲೆ ನೀರು ರಸ್ತೆಗೆ ಬಂದಾಗಲೂ ಕೆಮ್ಮುತ್ತಾ ದಾಟಿದ್ದು. ಜಂಬದ ಡಬ್ಬ ಅಂತ ಅದಕ್ಕೆ ಹೆಸರಿಟ್ಟೆ.

ಕ್ಯಾಬಿನ್ನು ಕೂರಿಸುವ ಮುಂಚೆ ತಮ್ಮ ನನ್ನನ್ನು ಕರೆದ. ಬರೀ ಚಾಸಿ ನೆಲದ ಮೇಲೆ ತಗ್ಗಾಗಿ ನಿಂತಿತ್ತು. ಅದಕ್ಕೆ ಕ್ಲಚ್ ಪೆಡಲನ್ನು ಸದ್ಯಕ್ಕೆ ಬಿಗಿದು, ಮೇಲೆ ಒಂದು ಹಲಗೆ ಹಾಕಿ, “ಕುಂತ್ಕಂಡು ಕ್ಲಚ್ ಒತ್ತು ನೋಡವಾ” ಅಂದ. ಹೆದರಿ ಹೆದರಿ ಎಡಗಾಲು ಇಟ್ಟೆ. ಒತ್ತಿತೋ ಇಲ್ಲವೋ ಗೊತ್ತಾಗಲಿಲ್ಲ, ಅಷ್ಟು ಹಗುರ. ಮತ್ತೆ ಒತ್ತಿದೆ. ನೋವಿಲ್ಲ. ಶೆಡ್ಡಿನ ಎಲ್ಲರ ಎದುರಿಗೆ, ಹಲಗೆ ಮೇಲೆ ಕೂತೇ ಗೊಳೋ ಅಂತ ಅತ್ತುಬಿಟ್ಟೆ. ಮೇಸ್ತ್ರಿ ಗಾಬರಿಯಾಗಿ ಟೀ ತರಿಸಿದರು.

ಅದಾದ ಮೇಲೆ ನಾನು ನೋಡಿದಾಗಲೆಲ್ಲ ಗಾಡಿ ಸ್ಟ್ಯಾಂಡ್ ಮೇಲೆ ಎತ್ತರದಲ್ಲಿತ್ತು. ಕೆಳಗೆ ಯಾರಾದರೊಬ್ಬರು ಮಲಗಿ ವೆಲ್ಡ್ ಮಾಡುತ್ತಿದ್ದರು. ಹಳೇ ಬಣ್ಣವೇ ಇರಲಿ ಅಂದಿದ್ದೆ, ಅದೇ ನೀಲಿ ಹೊಡೆದರು.

ಮುಗಿಯಿತು ಅಂತ ಫೋನ್ ಬಂದ ದಿನ ಬಾಳೆಹಣ್ಣು, ಹೂವು, ನಾಲ್ಕು ನಿಂಬೆಹಣ್ಣು ತೆಗೆದುಕೊಂಡು ಹೋದೆ. ಗಾಡಿ ಶೆಡ್ಡಿನ ಹೊರಗೆ ಬಿಸಿಲಲ್ಲಿ ನಿಂತಿತ್ತು. ಅಬ್ಬಾ, ಎಂಥ ಚೆಂದ! ದೃಷ್ಟಿ ಆದೀತು ಅನ್ನಿಸಿತು. ಪೂಜೆ ಮಾಡಿದೆವು. ಬಾಗಿಲು ತೆಗೆದೆ. ಒಳಗೆ ಹತ್ತಲು ಎಡಗಾಲು ಎತ್ತಿದೆ.

ಕಾಲು ಹೋಗಲಿಲ್ಲ.

ಡ್ರೈವರ್ ಬಾಗಿಲಿಂದ ಹತ್ತುವವರಿಗೆ ಗೊತ್ತು, ಮೊದಲು ಒಳಗಿಡುವುದು ಎಡಗಾಲು. ಆಪರೇಶನ್ ಆದ ನನ್ನ ಮಂಡಿ ಒಂದು ಅಳತೆಯವರೆಗೆ ಮಡಚುತ್ತದೆ, ಅದರಾಚೆ ದೇವರು ಬಂದು ಹೇಳಿದರೂ ಇಲ್ಲ. ಕ್ಯಾಬಿನ್ನಿನ ನೆಲ ನನ್ನ ತೊಡೆಯ ಮಟ್ಟಕ್ಕಿತ್ತು. ಬಲಗಾಲು ಮೊದಲಿಟ್ಟು ನೋಡಿದೆ. ಮುಖ ಹಿಂದಕ್ಕೆ ತಿರುಗಿ, ಸೆರಗು ಬಾಗಿಲಿಗೆ ಸಿಕ್ಕಿ, ಬೀಳುವುದೊಂದು ಬಾಕಿ. ತಮ್ಮ ಹಿಡಿದುಕೊಂಡ.

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ” ಅಂತ ಮೇಸ್ತ್ರಿ ತಮಾಷೆ ಮಾಡಿದರು.

“ಇದ್ಯಾಕ್ ಮೇಸ್ತ್ರಿ ಇಷ್ಟೆತ್ತರ? ನಾನು ಹಲಗೆ ಮೇಲೆ ಕುಂತಾಗ ಇಂಗಿರ್ನಿಲ್ವಲ್ಲ?”

“ಏನಿಲ್ಲ ಅಕ್ಕ, ಪ್ಲೇಟ್ ಏರ್ಸಿವ್ನಿ. ಎರಡೆರಡ್ ಹಿಂದ್ಕೆ, ಮೂಗು ಕುಕ್ಕರಿಸ್ಬಾರ್ದು ಅಂತ ಒಂದೊಂದು ಮುಂದ್ಕೆ. ಟೈರ್ ಉಜ್ಜುತ್ತೆ ಅಂತ ಬಾಡಿ ಕೆಳಕ್ಕೂ ಸ್ವಲ್ಪ ಪ್ಯಾಕಿಂಗ್ ಕೊಟ್ಟು ಎತ್ತಿವ್ನಿ.”

“ಯಾರ್ ಯೋಳುದ್ರು?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಯಾರ್ ಯೋಳ್ಬೇಕು? ಎಲ್ಲಾ ಗಾಡಿಗೂ ಏರ್ಸದೇಯ ಅಲ್ವಾ?”

ನಮ್ಮ ಕಡೆ ಅದು ಹಾಗೆಯೇ. ಚಕ್ರದ ಮೇಲೆ ಭಾರ ಹೊರಲು ಬಿಲ್ಲಿನ ಹಾಗೆ ಬಾಗಿದ ಕಬ್ಬಿಣದ ಪ್ಲೇಟುಗಳ ಕಟ್ಟು ಇರುತ್ತದಲ್ಲ, ಕಂಪನಿಯವರು ಕೊಟ್ಟಷ್ಟಕ್ಕೆ ಯಾರೂ ತೃಪ್ತರಲ್ಲ. ಶೋರೂಮಿಂದ ಬಂದ ಹೊಸ ಪಿಕಪ್ ನಂಜುಂಡೇಶ್ವರನ ಗುಡಿಗೆ ಹೋಗುವ ಮುಂಚೆ ಪ್ಲೇಟ್ ಅಂಗಡಿಗೆ ಹೋಗುತ್ತದೆ. ಎರಡು ಜಾಸ್ತಿ ಸೇರಿಸಿ, ಎತ್ತರ ಮಾಡಿ, ತಾಳುವುದಕ್ಕಿಂತ ಹೆಚ್ಚು ಹೇರುವುದು. ಮೇಸ್ತ್ರಿಗೂ ತೋಚಲಿಲ್ಲ, ತಮ್ಮನಿಗೂ ತೋಚಲಿಲ್ಲ. ನನ್ನ ಕಾಲಿಗೋಸ್ಕರ ಇಡೀ ಗಾಡಿಯನ್ನು ಬಿಚ್ಚಿ ಕಟ್ಟಿದವರು, ಕೊನೆಯಲ್ಲಿ ಅಭ್ಯಾಸಬಲದಿಂದ ಅದನ್ನು ನನ್ನ ಕಾಲಿಗೇ ಎಟುಕದ ಹಾಗೆ ಮಾಡಿದ್ದರು. ಗಣೇಶನನ್ನು ಮಾಡು ಅಂದರೆ ಅವರಪ್ಪನನ್ನು ಮಾಡಿದರಂತೆ. ನಂಜನಗೂಡಿನ ಕಡೆಯವರಿಗೆ ಅವರಪ್ಪನ ಮೇಲೇ ಭಕ್ತಿ ಜಾಸ್ತಿ, ಏನು ಮಾಡುವುದು!

ತಮ್ಮ ಒಂದು ಸ್ಟೂಲ್ ತಂದಿಟ್ಟ. “ಇದುನ್ನ ಗಾಡೀಲೇ ಇಟ್ಕಂಬುಡಕ್ಕಾ.”

“ಹತ್ತುದ್ ಮೇಲೆ ಕೆಳಗುಳಿಯೋ ಸ್ಟೂಲ್ನ ಒಳಕ್ ಎತ್ಕಳೋರು ಯಾರ್ಲಾ, ನಿಮ್ ಭಾವನ ಕೂರುಸ್ಕಂಡ್ ಓಗ್ಲಾ?”

“ಲೋಡ್ ಹಾಕುದ್ರೆ ತಾನಾಗೇ ತಗ್ತದೆ ಅಕ್ಕ” ಅಂದರು ಮೇಸ್ತ್ರಿ. “ಖಾಲಿ ಇರದ್ಕೆ ಇಂಗೆ. ಇಪ್ಪತ್ ಮೂಟೆ ಬಿದ್ರೆ ಕುಂತ್ಕತದೆ, ನೀವೂ ಆರಾಮಾಗಿ ಹತ್ಬೋದು.”

ಆ ಮಾತು ಕೇಳಿ ನನಗೆ ಏನಾಯಿತೋ ಏನೋ. ಸಿಟ್ಟು ನೆತ್ತಿಗೇರಿ, ಅಲ್ಲೇ ನಿಂತುಬಿಟ್ಟಿತು. ಅಂದರೆ ಮೂಟೆ ಇದ್ದರೆ ಮಾತ್ರ ನಾನು ಹತ್ತಬಹುದು. ಇಷ್ಟು ವರ್ಷ ನಡೆದದ್ದೂ ಅದೇ ಅಲ್ಲವೇ? ಬದನೆಕಾಯಿ ಇದ್ದ ದಿನ ಹೊರಟೆ, ಗೊಬ್ಬರ ತರುವುದಿದ್ದ ದಿನ ಹೊರಟೆ, ಯಾರ ಮನೆಯದೋ ಮದುವೆ ಪಾತ್ರೆ ಇದ್ದ ದಿನ ಹೊರಟೆ. ಹಿಂದೆ ಏನಿದೆಯೋ ಅದು ಹೋಗಬೇಕಾದ ಕಡೆಗೆ ನಾನು ಹೋದೆ. ನರಸೀಪುರದ ಸೇತುವೆಯನ್ನು ಎಷ್ಟೋ ಸಲ ದಾಟಿದ್ದೇನೆ. ನಿಲ್ಲಿಸಿ ಕೆಳಗೆ ನದಿ ಹೇಗಿದೆ ಅಂತ ಒಂದು ದಿನವೂ ನೋಡಿದವಳಲ್ಲ, ಟೊಮೆಟೊ ಬಾಡುತ್ತದಲ್ಲ!

“ನಂಗೆ ಮೂಟೆ ಹಾಕಕ್ಕೆ ಗಾಡಿ ಬೇಕಾಗಿಲ್ಲ ಮೇಸ್ತ್ರಿ” ಅಂದೆ. “ಪ್ಲೇಟ್ ಬಿಚ್ಚಿ. ಕಂಪನಿ ಕೊಟ್ಟಿದ್ದೆಷ್ಟೋ ಅಷ್ಟಿರ್ಲಿ. ಇಷ್ಟ್ ವರ್ಷ ಊರ್ ಭಾರ ಹೊತ್ತಿದ್ದು ಸಾಕು. ಇನ್ಮೇಲೆ ಇದು ನನ್ನೊಬ್ಳನ್ನ ಹೊತ್ರೆ ಸಾಕು.”

ತಮ್ಮ ಬೆಪ್ಪಾಗಿ ನಿಂತ. “ಖಾಲಿ ಗಾಡಿ ಓಡುಸ್ತೀಯಾ? ಎಲ್ಲಿಗೆ?”

ನಿಜ ಹೇಳಬೇಕೆಂದರೆ ನನಗೂ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ನನಗೆ ಖುಷಿ ಕೊಟ್ಟಿತು, ಅದನ್ನು ಅವನಿಗೆ ಹೇಗೆ ಹೇಳಲಿ?

ಮೇಸ್ತ್ರಿ ಬಿಚ್ಚಲು ಒಪ್ಪಿದರು, ಆದರೆ ಗೊಣಗುವುದನ್ನು ಬಿಡಲಿಲ್ಲ. ಪ್ಲೇಟ್ ಇಲ್ಲದ ಪಿಕಪ್ ಮೀಸೆ ಬೋಳಿಸಿದ ಗಂಡಸಿನ ಹಾಗೆ, ನೋಡಿದವರು ನನ್ನ ಶೆಡ್ಡಿನ ಮರ್ಯಾದೆ ತೆಗೆಯುತ್ತಾರೆ ಅಂದರು. ಬಾಡಿ ಎತ್ತಿ ಪ್ಯಾಕಿಂಗನ್ನು ತೆಳ್ಳಗೆ ಮಾಡಲು ಇನ್ನೂ ಕೆಲವು ದಿನ ಹಿಡಿಯಿತು. ಈ ಸಲ ನಾನು ಕುರ್ಚಿಯಲ್ಲಿ ಕೂರಲಿಲ್ಲ. ಗಾಡಿ ನೆಲಕ್ಕೆ ಇಳಿದಾಗಲೆಲ್ಲ ಬಾಗಿಲ ಹತ್ತಿರ ಹೋಗಿ ಎಡಗಾಲು ಎತ್ತಿ, “ಇನ್ನೊಂಚೂರು” ಅನ್ನುತ್ತಿದ್ದೆ. ಕೊನೆಗೊಂದು ಸಲ ಕಾಲು ಒಳಗೆ ಹೋಯಿತು. ಹಿಡಿ ಹಿಡಿದು ಎದ್ದು, ಸೀಟಿನ ಮೇಲೆ ಕೂತೆ. ತಮ್ಮ ಆ ಕಡೆ ಬಾಗಿಲು ತೆಗೆದು ಹತ್ತಲು ಬಂದ. “ನೀನು ಬಸ್ಸಲ್ ಬಾ ಕಣೋ” ಅಂದೆ.

ತಾಂಡವಪುರ ದಾಟಿ, ನಂಜನಗೂಡು ದಾಟಿ, ನಮ್ಮ ಊರಿಗೆ ತಿರುಗುವ ದಾರಿಯನ್ನೂ ಬಿಟ್ಟು ನೇರ ಹೋದೆ. ಹೊಸ ಇಂಜಿನ್ನಿಗೆ ಸದ್ದೇ ಇಲ್ಲ. ನನ್ನ ಹಳೇ ಬಾಗಿಲುಗಳು ಮಾತ್ರ ಮೊದಲಿನ ಹಾಗೇ ಗಡಗಡ ಅನ್ನುತ್ತಿದ್ದವು. ಸುತ್ತೂರಿನ ಆಚೆ ರಸ್ತೆ ಪಕ್ಕ ಒಬ್ಬ ರೈತ ಬಾಳೆಗೊನೆ ರಾಶಿ ಹಾಕಿಕೊಂಡು ನಿಂತಿದ್ದವನು ಕೈ ಅಡ್ಡ ಹಾಕಿದ. ಅಭ್ಯಾಸಬಲ, ಕಾಲು ತಾನಾಗಿಯೇ ಕ್ಲಚ್ ಒತ್ತಿ ಗಾಡಿ ನಿಂತಿತು. ಅವನು ಹಿಂದಕ್ಕೆ ಹೋಗಿ ತೊಟ್ಟಿಯೊಳಗೆ ಇಣುಕಿ ಬಂದ.

“ಖಾಲಿ ಅದಲ್ಲಕ್ಕ, ಹಾಕ್ಲಾ?”

“ಬ್ಯಾಡ ಕಣಪ್ಪ, ಹಾಕ್ಬ್ಯಾಡ.”

“ಮತ್ತೆ ಖಾಲಿ ಗಾಡಿ ತಕ್ಕಂಡು ಎಲ್ಲಿಗೆ ಓಗ್ತಿದ್ದೀರಿ?”

“ನಂಗೂ ಗೊತ್ತಿಲ್ಲ. ನೋಡ್ಕಂಡು ಬತ್ತೀನಿ” ಅಂದು ಗೇರ್ ಹಾಕಿದೆ.