ಕಾಸೀಮಸಾಬರ ಕಂಬ ಸರಿಯಿತೇ?

೨೦೦೫ರ ಫೆಬ್ರುವರಿ ೧೨, ಶನಿವಾರ, ಬೆಳಿಗ್ಗೆ ೫ ಗಂಟೆ ೫೦ ನಿಮಿಷ. ಹುಕ್ಕೇರಿ ತಾಲ್ಲೂಕಿನ ಕಣಗಲಾ ಬಳಿಯ ಗುಡ್ಡದ ಮೇಲೆ ಕಾಸೀಮಸಾಬರು ಆಗಲೇ ಮೂರನೇ ಸಲ ತಮ್ಮ ಕಂಬವನ್ನು ಸುತ್ತಿ ಬಂದಿದ್ದಾರೆ. ಎದೆಮಟ್ಟದ ಕಾಂಕ್ರೀಟ್ ಕಂಬ. ಅದರ ನೆತ್ತಿಯಲ್ಲಿ ಉಪಗ್ರಹಗಳ ಸಂಕೇತ ಹಿಡಿಯುವ, ತಟ್ಟೆಯಂಥ ಆಂಟೆನಾ. ಟಾರ್ಚ್ ಬೆಳಕಿನಲ್ಲಿ, ಮಟ್ಟ ತೋರಿಸುವ ಗಾಜಿನೊಳಗಿನ ಗುಳ್ಳೆ ನಟ್ಟನಡುವೆಯೇ ನಿಂತಿದೆ. ಆದರೂ ಮತ್ತೆ ಬಗ್ಗಿ ನೋಡುತ್ತಾರೆ.

ಐವತ್ತೆಂಟರ ಈ ಗೌಂಡಿ ಆರು ವರ್ಷದ ಹಿಂದೆ ಬಂಡೆ ಕೊರೆದು ತಾವೇ ಕಟ್ಟಿದ ಕಂಬವಿದು. ಅಂದಿನಿಂದ ಕಾವಲೂ ಅವರದೇ. ದಿನಾ ಹದಿನಾಲ್ಕು ಕಿಲೋ ಬ್ಯಾಟರಿ ಹೊತ್ತು ಗುಡ್ಡ ಹತ್ತುತ್ತಾರೆ, ಮೂರು ಕಡೆಯಿಂದ ಆಂಟೆನಾದ ಎತ್ತರ ಅಳೆದು ಬರೆದಿಡುತ್ತಾರೆ. ಎರಡು ಸಲ ಬಿದ್ದು ಮೊಣಕಾಲು ಒಡೆದುಕೊಂಡಿದ್ದಾರೆ; ಬ್ಯಾಟರಿ ಒಡೆದಿಲ್ಲ.

ಅಳತೆಗಳು ಹೋಗುವುದು ಪುಣೆಯಲ್ಲಿರುವ ಸಂಶೋಧಕಿ, ನಾಗನೂರಿನ ಸೋನಾಲಿಯವರಿಗೆ. ಸುಮಾತ್ರಾದ ಕಡಲಡಿಯಲ್ಲಿ ಭೂಮಿಯ ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುತ್ತದೆ. ಶತಮಾನಗಟ್ಟಲೆ ಕಚ್ಚಿಕೊಂಡಿದ್ದ ಅವೆರಡೂ ಕಳೆದ ಡಿಸೆಂಬರ್ ೨೬ರಂದು ಜಾರಿ ಭೂಕಂಪವಾಯಿತು. ಎಲ್ಲಿ ಎಷ್ಟು ಜಾರಿತು, ಎಲ್ಲಿ ಇನ್ನೂ ಕಚ್ಚಿಕೊಂಡಿದೆ ಎಂದು ಲೆಕ್ಕ ಹಾಕಲು ದೂರದ ನೆಲ ಸರಿದದ್ದೂ ಗೊತ್ತಿರಬೇಕು. ಕಣಗಲಾದ ಕಂಬವೂ ಸರಿದಂತೆ ಕಾಣುತ್ತಿದೆ. ಆದರೆ ಅದನ್ನು ಯಾರಾದರೂ ಮುಟ್ಟಿದ್ದರೆ ಆರು ವರ್ಷದ ಅಳತೆಯನ್ನೇ ಕೈಬಿಡಬೇಕಾದೀತು. ಸೋನಾಲಿ ಫೋನಿನಲ್ಲಿ ಕೇಳಿದಾಗ ಕಾಸೀಮಸಾಬರು "ಯಾರೂ ಮುಟ್ಟಿಲ್ರಿ" ಅಂದುಬಿಟ್ಟಿದ್ದರು. ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಇವತ್ತು ಬೆಳಕು ಹರಿದ ಮೇಲೆ ಖುದ್ದಾಗಿ ಬಂದ ಸೋನಾಲಿ ಬೆಳ್ಳಗಿನ ಕಂಬ ಕಂಡು ನಿಲ್ಲುತ್ತಾರೆ.

"ಸುಳ್ಳ ಹೇಳಿದ್ನಿರಿ, ಅಕ್ಕಾರ. ರಮಜಾನ ಹಬ್ಬಕ್ಕ ತಂದ ಸುಣ್ಣ ಉಳದಿತ್ತು. ನಾ ಕಟ್ಟಿದ ಕಂಬ ಬೋಳ ನಿಂತೈತಲಾ ಅಂತ ಆಂಟೆನಾ ಇಳಿಸಿ ಒಂದ್ ಕೈ ಹಚ್ಚಿದೆ. ಮತ್ತ ತೂಗುಗುಂಡ ಬಿಟ್ಟು ನೇರಕ್ಕ ಕುಂದ್ರಿಸೀನಿ. ಖರೆ, ಕೈ ತಪ್ಪಿರಬೌದಲ್ರಿ?"

ಚಹಾ ತಂದ ಹೆಂಡತಿ ಜರೀನಾಬಿ ಬಿಡುವುದಿಲ್ಲ: "ಮನಿ ಗ್ವಾಡಿಗೆ ಹಚ್ಚಂದ್ರ ಸೊಂಟ ನೋವ ಅಂತಾರ್ರಿ. ಈ ಸವತಿಗೆ ಮಾತ್ರ ಸಿಂಗಾರ!"

ಸೋನಾಲಿ ನಗುವುದಿಲ್ಲ. ದಿನದಿನದ ಅಳತೆಯ ಗೆರೆಯಿರುವ ಹಾಳೆ ಬಿಚ್ಚುತ್ತಾರೆ. "ಯಾವತ್ತ ಹಚ್ಚಿದ್ರಿ, ಕಾಕಾ?"

"ನವೆಂಬರ ಹದಿಮೂರಕ್ರಿ."

ಬೆರಳು ನವೆಂಬರ್ ದಾಟುತ್ತದೆ, ಡಿಸೆಂಬರಿನ ಕೊನೆಯ ವಾರದಲ್ಲಿ ನಿಲ್ಲುತ್ತದೆ. "ಹದಿಮೂರಕ್ಕ ಗೆರಿ ಅಳ್ಳಾಡಿಲ್ಲ. ಜಿಗದದ್ದು ಇಪ್ಪತ್ತಾರಕ್ಕ, ಭೂಕಂಪದ ದಿನಾನ. ಇನ್ನ ಮ್ಯಾಲ ಸುಣ್ಣ ಮುಟ್ಟಿದ್ರ ನೋಡ್ರಿ ಮತ್ತ!"

ಕಾಸೀಮಸಾಬರು ಬಂಡೆಯ ಮೇಲೆ ಕೂರುತ್ತಾರೆ, ಚಹಾ ಕೈಗೆ ತೆಗೆದುಕೊಳ್ಳುತ್ತಾರೆ.

"ಹಂಗಾರ ಬರಕೋರಿ, ಅಕ್ಕಾರ. ಭೂಮಿ ಸರದೈತಿ. ಕಾಸೀಮನ ಕಂಬ ಸರದಿಲ್ಲ."

ಸೋನಾಲಿ ಬರೆದುಕೊಳ್ಳುತ್ತಾರೆ: ಕಣಗಲಾ, ಪೂರ್ವಕ್ಕೆ ಹನ್ನೆರಡು ಮಿಲಿಮೀಟರ್.